ಕೆಲಸ ಸಿಕ್ಕಿತು, ಇನ್ನು ಮಾಸಾಶನ ನಿಲ್ಲಿಸುವುದು ಹೇಗೆ?

ಈ ಸಲ ಬಳ್ಳಾರಿ, ರಾಯಚೂರು, ಕೊಪ್ಪಳ ಕಡೆಯಿಂದ ಬಂದ ಪತ್ರಗಳಲ್ಲಿ ಹೆಚ್ಚಿನವು ಅಂಗವಿಕಲರ ಮಾಸಾಶನ ಮತ್ತು ಉದ್ಯೋಗ ಎರಡೂ ಒಟ್ಟಿಗೆ ಎದುರಾದವರದು. ನಾನು ತಾಲ್ಲೂಕು ಕಚೇರಿಗಳ ಪಿಂಚಣಿ ವಿಭಾಗದಲ್ಲಿ ವಿಷಯ ನಿರ್ವಾಹಕಿಯಾಗಿ ಬಹುಕಾಲ ಕಡತ ನೋಡಿದವಳು. ಆ ಅನುಭವದಿಂದ ಉತ್ತರಿಸುತ್ತಿದ್ದೇನೆ. ನಾಲ್ಕು ಪತ್ರಗಳನ್ನು ಆರಿಸಿದ್ದೇನೆ. ಬರೆದವರ ಹೆಸರುಗಳನ್ನು ಬಿಟ್ಟಿದ್ದೇನೆ.

ಪ್ರಶ್ನೆ: ಅಕ್ಕನವರಿಗೆ ನಮಸ್ಕಾರ. ನಾನು ಸಿರುಗುಪ್ಪ ತಾಲ್ಲೂಕಿನವಳು, ವಯಸ್ಸು 31. ಮೊದಲು ಬಳ್ಳಾರಿಯ ಕೌಲ್‌ಬಜಾರಿನ ಒಂದು ಜೀನ್ಸ್ ಘಟಕದಲ್ಲಿ ಹೊಲಿಗೆ ಕೆಲಸ ಮಾಡುತ್ತಿದ್ದೆ. ರಸ್ತೆ ಅಪಘಾತವಾಗಿ ಬಲಗಾಲನ್ನು ಮೊಣಕಾಲಿನ ಮೇಲೆ ತೆಗೆದರು. ಶೇ 80ರ ಪ್ರಮಾಣಪತ್ರವಿದೆ, ತಿಂಗಳಿಗೆ 1,400 ರೂಪಾಯಿ ಮಾಸಾಶನ ಬರುತ್ತಿದೆ. ಈಗ ಕೃತಕ ಕಾಲು ಹಾಕಿಕೊಂಡು ನಡೆಯುತ್ತೇನೆ. ಹಳೆಯ ಮಾಲೀಕರು ಕರೆದು, ಹೊಲಿದ ಪ್ಯಾಂಟುಗಳನ್ನು ಪರಿಶೀಲಿಸುವ ಕೆಲಸ ಕೊಡುತ್ತೇನೆ, ತಿಂಗಳಿಗೆ 12,000 ರೂಪಾಯಿ ಪಗಾರ ಎಂದಿದ್ದಾರೆ. ಅವ್ವ ಮಾತ್ರ, ‘ಯಾರಿಗೂ ಹೇಳಬೇಡ, ಕೆಲಸ ಇವತ್ತು ಇರುತ್ತದೆ ನಾಳೆ ಹೋಗುತ್ತದೆ, ಮಾಸಾಶನ ಒಮ್ಮೆ ನಿಂತರೆ ಮತ್ತೆ ಬರುವುದಿಲ್ಲ’ ಎನ್ನುತ್ತಾಳೆ. ಊರಿನ ಒಬ್ಬರು ಎರಡು ಸಾವಿರ ಕೊಟ್ಟರೆ ಕಚೇರಿಯಲ್ಲಿ ಮಾತನಾಡಿ ತಾವೇ ಮುಗಿಸಿಕೊಡುತ್ತೇನೆ ಎಂದಿದ್ದಾರೆ. ನಾನು ಏನು ಮಾಡಲಿ? ರೇಷನ್ ಕಾರ್ಡ್, ಅವ್ವನ ಗೃಹಲಕ್ಷ್ಮಿ ಎಲ್ಲವೂ ಹೋಗುತ್ತವೆಯೇ?

ಉತ್ತರ: ತಂಗಿ, ಮೊದಲು ಕೆಲಸಕ್ಕೆ ಸೇರಿಕೊಳ್ಳಿ. 1,400 ರೂಪಾಯಿ ಕೈತಪ್ಪುತ್ತದೆ ಎಂಬ ಹೆದರಿಕೆಯಿಂದ 12,000 ರೂಪಾಯಿಯ ಕೆಲಸವನ್ನು ಬಿಟ್ಟ ಹುಡುಗಿಯರನ್ನು ನಾನು ಕಣ್ಣಾರೆ ಕಂಡಿದ್ದೇನೆ, ಈಗಲೂ ಹೊಟ್ಟೆ ಉರಿಯುತ್ತದೆ. ನಿಮ್ಮ ಅವ್ವನ ಮಾತಿನಲ್ಲಿ ದುರಾಸೆ ಇಲ್ಲ, ಕಷ್ಟ ಕಂಡವರ ಎಚ್ಚರ ಇದೆ. ಆದರೆ ಅವರು ಹೇಳಿದ ದಾರಿ ನಿಮ್ಮನ್ನು ಕಾಪಾಡುವುದಿಲ್ಲ. ಏಕೆ ಎಂದು ಹೇಳುತ್ತೇನೆ.

ಈ ಮಾಸಾಶನಕ್ಕೆ ಎರಡು ಆಧಾರಗಳಿವೆ. ಒಂದು ನಿಮ್ಮ ದೇಹದ ಸ್ಥಿತಿ, ಇನ್ನೊಂದು ಮನೆಯ ಆದಾಯ. ಅಂಗವೈಕಲ್ಯ ಶೇ 40 ಆದರೂ ಇರಬೇಕು, ಶೇ 75 ದಾಟಿದರೆ ನಿಮಗೆ ಬರುತ್ತಿರುವ 1,400, ಅದಕ್ಕಿಂತ ಕಡಿಮೆ ಇದ್ದವರಿಗೆ 800. ಆದಾಯದ ಮಿತಿ ವರ್ಷಕ್ಕೆ 32,000 ರೂಪಾಯಿ. ನಿಮ್ಮ ಹೊಸ ಪಗಾರ ವರ್ಷಕ್ಕೆ 1,44,000 ಆಗುತ್ತದೆ. ಅಲ್ಲಿಗೆ ಎರಡನೆಯ ಆಧಾರ ಇಲ್ಲವಾಯಿತು. ಮೊದಲನೆಯದು ಹಾಗೆಯೇ ಇದೆ, ಇರುತ್ತದೆ. ಇದನ್ನು ನೀವೂ ಮರೆಯಬಾರದು, ಕಚೇರಿಯವರೂ ಮರೆಯದಂತೆ ನೋಡಿಕೊಳ್ಳಬೇಕು.

ಹೇಳದೆ ಸುಮ್ಮನಿದ್ದರೆ ಏನಾಗುತ್ತದೆ? ಕೆಲವು ತಿಂಗಳು ಏನೂ ಆಗುವುದಿಲ್ಲ. ಆಮೇಲೆ ಒಂದು ದಿನ ಗ್ರಾಮ ಆಡಳಿತಾಧಿಕಾರಿ ಪಟ್ಟಿ ಹಿಡಿದು ಪರಿಶೀಲನೆಗೆ ಬರುತ್ತಾರೆ. ಅವರು ಬರುವ ಮೊದಲೇ ಊರಿನ ಯಾರೋ ಮೂಗರ್ಜಿ ಬರೆದಿರುತ್ತಾರೆ. ಈಗ ರೇಷನ್ ಕಾರ್ಡ್, ಆಧಾರ್, ಸರ್ಕಾರಿ ಸವಲತ್ತು ಎಲ್ಲವನ್ನೂ ‘ಕುಟುಂಬ’ ಎಂಬ ದತ್ತಾಂಶದಲ್ಲಿ ಜೋಡಿಸಿದ್ದಾರೆ, ಹಾಗಾಗಿ ಮುಚ್ಚಿಡುವುದು ಮೊದಲಿಗಿಂತ ಕಷ್ಟ. ಹಾಗೆ ಸಿಕ್ಕಿಬಿದ್ದಾಗ ಪಡೆದ ಹಣ ವಾಪಸು ಕೇಳುತ್ತಾರೆ. ಅದಕ್ಕಿಂತ ದೊಡ್ಡ ನಷ್ಟ ಕಡತದಲ್ಲಿ ಆಗುತ್ತದೆ. ‘ಸುಳ್ಳು ಮಾಹಿತಿ ನೀಡಿ ಮಾಸಾಶನ ಪಡೆದಿರುತ್ತಾರೆ’ ಎಂಬ ಒಂದು ಸಾಲು ನಿಮ್ಮ ಹೆಸರಿನ ಮುಂದೆ ಬಂದರೆ, ಮುಂದೆ ನಿಜವಾಗಿ ಬೇಕಾದಾಗ ಅರ್ಜಿ ಹಾಕಿದರೂ ಪ್ರತಿಯೊಬ್ಬ ಅಧಿಕಾರಿಯೂ ಆ ಸಾಲನ್ನು ಓದಿಯೇ ಸಹಿ ಮಾಡುತ್ತಾನೆ. ನಿಮ್ಮ ಅವ್ವ ಹೆದರುತ್ತಿರುವ ಗತಿ, ಅಂದರೆ ಮಾಸಾಶನ ಮತ್ತೆ ಸಿಗದೇ ಹೋಗುವುದು, ಹೀಗೆ ಮುಚ್ಚಿಟ್ಟವರಿಗೆ ಬರುತ್ತದೆ.

ಬ್ಯಾಂಕಿನಿಂದ ಹಣ ತೆಗೆಯದೆ ಬಿಟ್ಟರೆ ತಾನಾಗಿಯೇ ನಿಲ್ಲುತ್ತದೆ ಎಂದು ಕೆಲವರು ನಂಬಿದ್ದಾರೆ. ನಿಲ್ಲುವುದಿಲ್ಲ. ಖಾತೆಗೆ ಜಮೆ ಆದ ಹಣ ನೀವು ಪಡೆದ ಹಣವೇ. ಖಾತೆ ಮುಚ್ಚಿಸಿದರೂ ಹಣ ಜಮೆಯಾಗದೆ ತಿರುಗಿ ಹೋಗಬಹುದು, ಆದರೆ ಮಂಜೂರಾತಿ ಆದೇಶ ಜೀವಂತವಾಗಿಯೇ ಇರುತ್ತದೆ. ಆ ಆದೇಶವನ್ನು ರದ್ದು ಮಾಡಬೇಕಾದದ್ದು ತಹಶೀಲ್ದಾರ್ ಕಚೇರಿ, ಅದೂ ನಿಮ್ಮ ಬರಹದ ಮೇಲೆ.

ಆದ್ದರಿಂದ ಹೀಗೆ ಮಾಡಿ. ಸೇರಿದ ದಿನವೇ ಓಡಬೇಡಿ. ವಾರದಲ್ಲಿ ಮನಸ್ಸು ಬದಲಿಸಿದ ಮಾಲೀಕರಿದ್ದಾರೆ, ವಾರದಲ್ಲೇ ಕಾಲು ನೋವಾಗಿ ಮನೆಗೆ ಬಂದವರೂ ಇದ್ದಾರೆ. ಮೊದಲ ತಿಂಗಳ ಪಗಾರ ಕೈಗೆ ಬರಲಿ, ಮಾಡಬಲ್ಲೆ ಎಂದು ದೇಹವೂ ಹೇಳಲಿ. ಅಷ್ಟರೊಳಗೆ ಮಾಸಾಶನ ಜಮೆಯಾದರೆ ಮುಟ್ಟದೆ ಖಾತೆಯಲ್ಲಿಯೇ ಬಿಡಿ. ಆಮೇಲೆ ಒಂದು ಬಿಳಿ ಹಾಳೆಯ ಮೇಲೆ ನಿಮ್ಮ ತಾಲ್ಲೂಕಿನ ತಹಶೀಲ್ದಾರರ ಹೆಸರಿಗೆ ಅರ್ಜಿ ಬರೆಯಿರಿ. ಮಾತುಗಳು ಸುಮಾರು ಹೀಗಿರಲಿ:

‘ನಾನು ಅಂಗವಿಕಲರ ಮಾಸಾಶನ ಪಡೆಯುತ್ತಿದ್ದು, ನನ್ನ ಮಂಜೂರಾತಿ ಆದೇಶದ ಸಂಖ್ಯೆ ಮತ್ತು ದಿನಾಂಕ ಇಂತಿದೆ. ಇಂತಹ ದಿನಾಂಕದಿಂದ ಖಾಸಗಿ ಉದ್ಯೋಗಕ್ಕೆ ಸೇರಿರುವುದರಿಂದ ನನ್ನ ಆದಾಯವು ನಿಗದಿತ ಮಿತಿಯನ್ನು ಮೀರಿರುತ್ತದೆ. ಈ ಕಾರಣದಿಂದ ಮಾತ್ರ, ಇಂತಹ ತಿಂಗಳಿನಿಂದ ನನ್ನ ಮಾಸಾಶನವನ್ನು ನಿಲ್ಲಿಸಬೇಕೆಂದು ಕೋರುತ್ತೇನೆ. ನನ್ನ ಅಂಗವೈಕಲ್ಯದಲ್ಲಿ ಯಾವುದೇ ಬದಲಾವಣೆ ಆಗಿರುವುದಿಲ್ಲ. ಉದ್ಯೋಗಕ್ಕೆ ಸೇರಿದ ನಂತರ ಜಮೆಯಾದ ಮೊತ್ತವಿದ್ದಲ್ಲಿ ಹಿಂತಿರುಗಿಸಲು ಸಿದ್ಧಳಿದ್ದೇನೆ. ರದ್ದತಿ ಆದೇಶದ ಪ್ರತಿಯನ್ನು ದಯಪಾಲಿಸಬೇಕು.’

ಇದರಲ್ಲಿ ‘ಈ ಕಾರಣದಿಂದ ಮಾತ್ರ’ ಮತ್ತು ‘ಅಂಗವೈಕಲ್ಯದಲ್ಲಿ ಬದಲಾವಣೆ ಆಗಿರುವುದಿಲ್ಲ’ ಎಂಬ ಮಾತುಗಳನ್ನು ಯಾರು ಬೇಡವೆಂದರೂ ಬಿಡಬೇಡಿ. ಕೆಲಸದ ಒತ್ತಡದಲ್ಲಿ ಗುಮಾಸ್ತರು ಕಾರಣದ ಜಾಗದಲ್ಲಿ ‘ಅನರ್ಹ’ ಎಂದು ಒಂದೇ ಪದ ಬರೆದು ಮುಗಿಸುತ್ತಾರೆ. ಯಾವುದರಿಂದ ಅನರ್ಹ? ಆದಾಯದಿಂದಲೋ, ಅಂಗವೈಕಲ್ಯ ಕಡಿಮೆ ಎಂದೋ, ಊರು ಬಿಟ್ಟಿದ್ದಾರೆ ಎಂದೋ? ಐದು ವರ್ಷದ ನಂತರ ಕುಳಿತ ಹೊಸಬರಿಗೆ ಇದು ತಿಳಿಯುವುದಿಲ್ಲ. ನಿಮ್ಮ ಅರ್ಜಿಯಲ್ಲಿ ಸ್ಪಷ್ಟವಾಗಿ ಇದ್ದರೆ ಕಡತವೂ ಅದನ್ನೇ ಹೇಳುತ್ತದೆ.

ಅರ್ಜಿಯನ್ನು ನಾಡಕಚೇರಿಯಲ್ಲಾಗಲಿ ತಾಲ್ಲೂಕು ಕಚೇರಿಯ ಟಪಾಲು ವಿಭಾಗದಲ್ಲಾಗಲಿ ಕೊಡಬಹುದು. ಎರಡು ಪ್ರತಿ ಒಯ್ಯಿರಿ, ಒಂದರ ಮೇಲೆ ಮೊಹರು, ದಿನಾಂಕ, ಸ್ವೀಕೃತಿ ಸಂಖ್ಯೆ ಹಾಕಿಸಿಕೊಂಡು ಬನ್ನಿ. ಬಳ್ಳಾರಿಯಿಂದ ರಜೆ ಹಾಕಿ ಬರಲು ಆಗದಿದ್ದರೆ ಸ್ಪೀಡ್ ಪೋಸ್ಟ್ ಮಾಡಿ, ರಸೀದಿ ಇಟ್ಟುಕೊಳ್ಳಿ. ಶುಲ್ಕ ಒಂದು ರೂಪಾಯಿಯೂ ಇಲ್ಲ. ಎರಡು ಸಾವಿರ ಕೇಳಿದವರಿಗೆ ಕೈ ಮುಗಿದು ಬೇಡ ಎನ್ನಿ. ಮಾಸಾಶನ ಮಾಡಿಸಿಕೊಡುತ್ತೇನೆ ಎಂದು ಬಡವರಿಂದ ಹಣ ಕಿತ್ತವರು ಈಗ ನಿಲ್ಲಿಸಿಕೊಡುತ್ತೇನೆ ಎಂದೂ ಕೀಳುತ್ತಿದ್ದಾರೆ ಎಂದರೆ ನನಗೆ ಸಿಟ್ಟು ತಡೆಯಲಾಗುವುದಿಲ್ಲ. ತಿಂಗಳು ಕಳೆದರೂ ಹಣ ಬರುತ್ತಲೇ ಇದ್ದರೆ ಅದೇ ಸ್ವೀಕೃತಿಯ ಪ್ರತಿ ಸೇರಿಸಿ ಮತ್ತೊಂದು ನೆನಪೋಲೆ ಕೊಡಿ. ತಪ್ಪು ಆಗ ನಿಮ್ಮದಲ್ಲ ಎಂಬುದಕ್ಕೆ ಕಾಗದವಿರುತ್ತದೆ.

ರೇಷನ್ ಕಾರ್ಡಿನ ವಿಷಯವನ್ನು ಮರೆಮಾಚದೆ ಹೇಳುತ್ತೇನೆ. ಬಿಪಿಎಲ್ ಕಾರ್ಡಿಗೆ ಕುಟುಂಬದ ವಾರ್ಷಿಕ ಆದಾಯದ ಮಿತಿ 1,20,000 ರೂಪಾಯಿ. ನಿಮ್ಮೊಬ್ಬರ ಪಗಾರವೇ ಅದನ್ನು ದಾಟುತ್ತದೆ. ಅವ್ವನ ಕಾರ್ಡಿನಲ್ಲಿ ನಿಮ್ಮ ಹೆಸರಿದ್ದರೆ ಅದು ಎಪಿಎಲ್ ಆಗುವ ಸಂಭವ ಇದೆ, ಮನೆಯ ಅಕ್ಕಿಯ ಲೆಕ್ಕವನ್ನು ಈಗಲೇ ಹಾಕಿಕೊಳ್ಳಿ. ಗೃಹಲಕ್ಷ್ಮಿಗೆ ಹೆದರಬೇಡಿ. ಆ 2,000 ರೂಪಾಯಿ ಎಪಿಎಲ್ ಕಾರ್ಡಿನ ಯಜಮಾನಿಗೂ ಇದೆ. ಆದಾಯ ತೆರಿಗೆ ಅಥವಾ ಜಿಎಸ್‌ಟಿ ಕಟ್ಟುವ ಮನೆಗಳಿಗೆ ಮಾತ್ರ ಇಲ್ಲ.

ನಿಮ್ಮ ಯುಡಿಐಡಿ ಕಾರ್ಡನ್ನು, ಅಂದರೆ ಅಂಗವಿಕಲರ ವಿಶಿಷ್ಟ ಗುರುತಿನ ಚೀಟಿಯನ್ನು, ಯಾರಿಗೂ ಒಪ್ಪಿಸಬೇಕಾಗಿಲ್ಲ. ಅದು ಆದಾಯ ನೋಡಿ ಕೊಟ್ಟದ್ದಲ್ಲ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ ಕೊಟ್ಟ ರಕ್ಷಣೆಗಳೆಲ್ಲ ಉದ್ಯೋಗಸ್ಥರಿಗೂ ಇವೆ. ಆ ಕಾಯ್ದೆ ಸಾಮಾಜಿಕ ಭದ್ರತೆಯ ನೆರವು ಅಂಗವಿಕಲರಿಗೆ ಉಳಿದವರಿಗಿಂತ ಕನಿಷ್ಠ ಶೇ 25ರಷ್ಟು ಹೆಚ್ಚಿರಬೇಕು ಎನ್ನುತ್ತದೆ. ಏಕೆಂದರೆ ಅಂಗವೈಕಲ್ಯಕ್ಕೆ ತನ್ನದೇ ಖರ್ಚಿದೆ. ಕೃತಕ ಕಾಲಿನಲ್ಲಿ ಉಳಿದ ಕಾಲು ಕೂರುವ ಬಟ್ಟಲು ಸಡಿಲವಾದರೆ ಬದಲಿಸಬೇಕು, ಬೇರೆಯವರು ನಡೆದು ಹೋಗುವಲ್ಲಿ ನೀವು ಆಟೋ ಹಿಡಿಯಬೇಕು. ಕೆಲಸ ಸಿಕ್ಕ ದಿನ ಈ ಖರ್ಚು ನಿಲ್ಲುವುದಿಲ್ಲ, ಇನ್ನೂ ಏರುತ್ತದೆ. ಹೀಗಿರುವಾಗ 32,000ದ ಮಿತಿ, ಅಂದರೆ ತಿಂಗಳಿಗೆ 2,700 ರೂಪಾಯಿಯೂ ಆಗದ ಮೊತ್ತ, ಅನ್ಯಾಯದ ಮಿತಿ. ಎದ್ದು ನಿಂತವರ ಕೈಯನ್ನು ಮೊದಲ ತಿಂಗಳೇ ಬಿಡಿಸುವ ಬದಲು ಒಂದೆರಡು ವರ್ಷ ಅರ್ಧವನ್ನಾದರೂ ಮುಂದುವರಿಸಬೇಕು ಎಂಬುದು ನನ್ನ ಗಟ್ಟಿಯಾದ ಅಭಿಪ್ರಾಯ, ನೌಕರಿಯಲ್ಲಿದ್ದಾಗಲೂ ಸಭೆಗಳಲ್ಲಿ ಇದನ್ನು ಹೇಳಿದ್ದೇನೆ. ನಿಯಮ ಬದಲಾಗುವವರೆಗೆ ನಿಯಮದಂತೆ ನಡೆಯಬೇಕು, ಬದಲಾಗಬೇಕು ಎಂದು ಕೇಳುವುದನ್ನೂ ಬಿಡಬಾರದು.

ಇನ್ನೊಂದು ಮಾತು. ಘಟಕದಲ್ಲಿ ಹತ್ತು ಅಥವಾ ಹೆಚ್ಚು ಜನ ಕೆಲಸ ಮಾಡುತ್ತಿದ್ದರೆ ಮಾಲೀಕರು ನಿಮ್ಮ ಹೆಸರನ್ನು ನೌಕರರ ರಾಜ್ಯ ವಿಮೆ, ಅಂದರೆ ಇಎಸ್‌ಐಗೆ ನೋಂದಾಯಿಸಬೇಕು. ನಿಮ್ಮ ಪಗಾರದಿಂದ ಹಿಡಿಯುವುದು ಶೇ 0.75, ಅಂದರೆ 90 ರೂಪಾಯಿ. ಮಾಸಾಶನ ಬಿಟ್ಟ ಮೇಲೆ ಕಾಯಿಲೆ, ಗಾಯಗಳಿಗೆ ನಿಮಗಿರುವ ಆಸರೆ ಅದು. ಜೀನ್ಸ್ ಘಟಕಗಳಲ್ಲಿ ಇದನ್ನು ಕೇಳುವವರು ಕಡಿಮೆ. ನೀವು ಸೇರಿದ ವಾರದಲ್ಲಿಯೇ ಕೇಳಿ, ಸಂಖ್ಯೆ ಬರೆದುಕೊಳ್ಳಿ.

ಪ್ರಶ್ನೆ: ನಾನು ಕೊಪ್ಪಳ ತಾಲ್ಲೂಕಿನ ಗಿಣಿಗೇರಾ ಹತ್ತಿರದ ಒಂದು ಕಬ್ಬಿಣದ ಕಾರ್ಖಾನೆಯಲ್ಲಿ ಗುತ್ತಿಗೆ ಕಾರ್ಮಿಕ. ಕನ್ವೇಯರ್ ಬೆಲ್ಟಿಗೆ ಸಿಕ್ಕಿ ಎಡಗೈಯ ಎರಡು ಬೆರಳು ಹೋದವು. ಇಎಸ್‌ಐನಿಂದ ಪರಿಹಾರ ಬರುತ್ತಿದೆ. ಗಾಯ ಮಾಗಿದೆ, ಆದರೆ ವೈದ್ಯರು ಇನ್ನೂ ಕೆಲಸಕ್ಕೆ ಹೋಗಬಹುದು ಎಂದು ಬರೆದುಕೊಟ್ಟಿಲ್ಲ. ಗುತ್ತಿಗೆದಾರರು, ‘ಬಂದು ಗೇಟಿನ ಹತ್ತಿರ ಕುಳಿತುಕೋ, ಹಾಜರಿ ಬೇಡ, ಕೈಗೆ ಹಣ ಕೊಡುತ್ತೇನೆ, ಇಎಸ್‌ಐನದೂ ಬರುತ್ತಿರಲಿ’ ಎನ್ನುತ್ತಿದ್ದಾರೆ. ಕೆಲಸಕ್ಕೆ ಮರಳಿದರೆ ಪರಿಹಾರ ಪೂರ್ತಿ ನಿಲ್ಲುತ್ತದೆಯೇ?

ಉತ್ತರ: ತಮ್ಮಾ, ಹೋಗಬೇಡಿ. ಒಂದು ದಿನವೂ ಹೋಗಬೇಡಿ.

ಈಗ ನಿಮಗೆ ಬರುತ್ತಿರುವುದು ತಾತ್ಕಾಲಿಕ ಅಂಗವೈಕಲ್ಯದ ಪರಿಹಾರ, ಸರಾಸರಿ ದಿನಗೂಲಿಯ ಶೇ 90. ಇದು ನೀವು ದುಡಿಯಲಾಗದ ದಿನಗಳಿಗೆ ಕೊಡುವ ಹಣ. ದುಡಿದ ದಿನಕ್ಕೆ ಇದನ್ನು ಪಡೆದರೆ ಅಪರಾಧ, ಮರಳಿ ಕಟ್ಟಬೇಕಾಗುತ್ತದೆ. ಸಿಕ್ಕಿಬೀಳುವವರು ನೀವು, ಕೈಗೆ ಹಣ ಕೊಟ್ಟವರು ‘ಇವನು ನಮ್ಮಲ್ಲಿಗೆ ಬಂದೇ ಇಲ್ಲ’ ಎನ್ನುತ್ತಾರೆ. ಅದಕ್ಕಿಂತ ಭಯದ ವಿಷಯ ಇನ್ನೊಂದಿದೆ. ಹಾಜರಿ ಪುಸ್ತಕದಲ್ಲಿ ಹೆಸರಿಲ್ಲದ ದಿನ ಲಾರಿಯೊಂದು ಹಿಂದಕ್ಕೆ ಬಂದು ನಿಮಗೆ ತಗುಲಿದರೆ, ಅದು ಕೆಲಸದ ವೇಳೆಯ ಅಪಘಾತ ಎಂದು ಸಾಬೀತು ಮಾಡುವುದು ಹೇಗೆ? ನಿಮ್ಮ ಹೆಂಡತಿ ಮಕ್ಕಳು ಯಾವ ಕಾಗದ ಹಿಡಿದು ಯಾರ ಬಾಗಿಲಿಗೆ ಹೋಗಬೇಕು?

ಸರಿಯಾದ ಕ್ರಮ ಹೀಗಿದೆ. ಇಎಸ್‌ಐ ವೈದ್ಯರ ಬಳಿ ಹೋಗಿ, ಕೆಲಸಕ್ಕೆ ಮರಳುವ ಮನಸ್ಸಿದೆ ಎಂದು ಹೇಳಿ ಪರೀಕ್ಷೆ ಮಾಡಿಸಿಕೊಳ್ಳಿ. ಅವರು ಕೊನೆಯ ಪ್ರಮಾಣಪತ್ರ, ಅಂದರೆ ಕೆಲಸಕ್ಕೆ ಅರ್ಹ ಎಂಬ ಪತ್ರ, ಕೊಟ್ಟ ದಿನಾಂಕಕ್ಕೆ ತಾತ್ಕಾಲಿಕ ಪರಿಹಾರ ಮುಗಿಯುತ್ತದೆ. ಅದರ ಪ್ರತಿಯನ್ನು ಕಾರ್ಖಾನೆಗೂ ಗುತ್ತಿಗೆದಾರರಿಗೂ ಕೊಟ್ಟು, ಹಾಜರಿ ಪುಸ್ತಕದಲ್ಲಿ ಹೆಸರು ಬರೆಸಿ ಒಳಗೆ ಹೋಗಿ. ಪರಿಹಾರ ಪಡೆಯುತ್ತಿರುವ ಅವಧಿಯಲ್ಲಿ ನಿಮ್ಮನ್ನು ಕೆಲಸದಿಂದ ತೆಗೆಯುವಂತಿಲ್ಲ, ಆದ್ದರಿಂದ ‘ಈಗ ಬರದಿದ್ದರೆ ಜಾಗ ಇಲ್ಲ’ ಎಂಬ ಬೆದರಿಕೆಗೆ ಬಗ್ಗಬೇಡಿ.

ಇನ್ನು ನಿಮ್ಮ ನಿಜವಾದ ಪ್ರಶ್ನೆ. ತಾತ್ಕಾಲಿಕ ಪರಿಹಾರ ನಿಲ್ಲುತ್ತದೆ, ಆದರೆ ಹೋದ ಬೆರಳುಗಳು ಮರಳಿ ಬರುವುದಿಲ್ಲವಲ್ಲ, ಅದಕ್ಕೆ ಬೇರೆಯೇ ಪರಿಹಾರವಿದೆ. ಶಾಶ್ವತ ಅಂಗವೈಕಲ್ಯದ ಪರಿಹಾರ ಎಂದು ಅದರ ಹೆಸರು. ವೈದ್ಯಕೀಯ ಮಂಡಳಿ ನಿಮ್ಮ ಕೈ ನೋಡಿ, ದುಡಿಯುವ ಶಕ್ತಿ ಶೇಕಡಾ ಎಷ್ಟು ಕಡಿಮೆಯಾಗಿದೆ ಎಂದು ನಿರ್ಧರಿಸುತ್ತದೆ. ನಿಮ್ಮ ಸರಾಸರಿ ಕೂಲಿ ದಿನಕ್ಕೆ 500 ರೂಪಾಯಿ ಎಂದು ಇಟ್ಟುಕೊಳ್ಳೋಣ. ಅದರ ಶೇ 90 ಎಂದರೆ 450. ಮಂಡಳಿ ಶೇ 20 ಎಂದು ಬರೆದರೆ ದಿನಕ್ಕೆ 90, ಮೂವತ್ತು ದಿನದ ತಿಂಗಳಿಗೆ 2,700 ರೂಪಾಯಿ. ಇದು ಜೀವನಪೂರ್ತಿ ಬರುತ್ತದೆ. ನೀವು ಪೂರ್ಣ ಪಗಾರಕ್ಕೆ ದುಡಿಯುತ್ತಿದ್ದರೂ ಬರುತ್ತದೆ, ಕಾರ್ಖಾನೆ ಬದಲಿಸಿದರೂ ಬರುತ್ತದೆ. ವರ್ಷಕ್ಕೊಮ್ಮೆ ಜೀವಂತವಿದ್ದೇನೆ ಎಂಬ ಪ್ರಮಾಣಪತ್ರ ಕೊಟ್ಟರೆ ಸಾಕು.

ಗಾಯ ಮಾಗಿತು, ಕೆಲಸ ಸಿಕ್ಕಿತು, ಸಾಕು ಎಂದು ಮಂಡಳಿಯ ಮುಂದೆ ಹೋಗದೆಯೇ ಬಿಟ್ಟವರು ನಮ್ಮ ಕಡೆಯ ಕಾರ್ಖಾನೆಗಳಲ್ಲಿ ಅದೆಷ್ಟೋ ಜನ. ಅವರಿಗೆ ಯಾರೂ ಹೇಳಲಿಲ್ಲ. ಅರ್ಹತೆಯ ಪತ್ರ ಸಿಕ್ಕ ಕೂಡಲೇ, ತಡಮಾಡದೆ, ಇಎಸ್‌ಐ ಶಾಖಾ ಕಚೇರಿಗೆ ಹೋಗಿ ಮಂಡಳಿಗೆ ಕಳಿಸಿ ಎಂದು ಬರಹದಲ್ಲಿ ಕೇಳಿ. ಅಪಘಾತದ ವರದಿಯನ್ನು ಮಾಲೀಕರು ಕಳಿಸಿದ್ದಾರೆಯೇ ಎಂದು ಅಲ್ಲಿಯೇ ವಿಚಾರಿಸಿ. ಮಂಡಳಿ ಬರೆದ ಪ್ರಮಾಣ ಕಡಿಮೆ ಎನಿಸಿದರೆ ಮೇಲ್ಮನವಿಗೆ ಅವಕಾಶವಿದೆ.

ಪ್ರಶ್ನೆ: ನನಗೆ ಹುಟ್ಟಿನಿಂದ ಕಿವಿ ಕೇಳಿಸುವುದಿಲ್ಲ. ಸಿಂಧನೂರು ತಾಲ್ಲೂಕು. ಅಂಗವಿಕಲರ ಮೀಸಲಾತಿಯಲ್ಲಿ ಡಿ ದರ್ಜೆಯ ಸರ್ಕಾರಿ ನೌಕರಿ ಸಿಕ್ಕಿದೆ. ಸಂಬಳ ಆರಂಭವಾದ ಮೇಲೂ ಕೆಲವು ತಿಂಗಳು ಮಾಸಾಶನ ಖಾತೆಗೆ ಬಿದ್ದಿದೆ. ಈಗ ಹೇಳಿದರೆ ನೌಕರಿಗೆ ತೊಂದರೆಯಾಗುತ್ತದೆ ಎಂದು ಮನೆಯಲ್ಲಿ ಹೆದರಿಸುತ್ತಾರೆ.

ಉತ್ತರ: ಹೇಳದಿದ್ದರೆ ತೊಂದರೆ. ನೀವಾಗಿಯೇ ಮುಂದೆ ಬಂದು ಹೇಳಿದರೆ ನಿಮ್ಮ ಪ್ರಾಮಾಣಿಕತೆಯೇ ದಾಖಲೆಯಾಗುತ್ತದೆ. ಪರೀಕ್ಷಾರ್ಥ ಅವಧಿಯಲ್ಲಿ ಇರುವ ನೌಕರರು ಇಂತಹ ವಿಷಯವನ್ನು ನಾಳೆಗೆ ತಳ್ಳಬಾರದು.

ನೇಮಕಾತಿ ಆದೇಶದ ಪ್ರತಿ ಮತ್ತು ಪಾಸ್‌ಬುಕ್‌ನ ಆ ತಿಂಗಳುಗಳ ಪುಟ ಸೇರಿಸಿ ತಹಶೀಲ್ದಾರರಿಗೆ ಅರ್ಜಿ ಕೊಡಿ. ಕರ್ತವ್ಯಕ್ಕೆ ಹಾಜರಾದ ದಿನಾಂಕ ಬರೆಯಿರಿ, ನಂತರ ಜಮೆಯಾದ ಮೊತ್ತ ಬರೆಯಿರಿ, ಹಿಂತಿರುಗಿಸಲು ಲೆಕ್ಕ ಶೀರ್ಷಿಕೆ (ಹಣ ಸೇರಬೇಕಾದ ಸರ್ಕಾರಿ ಲೆಕ್ಕದ ಹೆಸರು) ತಿಳಿಸಿ ಎಂದು ಕೇಳಿ. ಅವರು ಹೇಳಿದ ಶೀರ್ಷಿಕೆಗೆ ಸರ್ಕಾರದ ಗಣಕೀಕೃತ ಖಜಾನೆ ವ್ಯವಸ್ಥೆಯಾದ ಖಜಾನೆ-2ರ ಚಲನ್ ಮೂಲಕ ಕಟ್ಟಬೇಕು. ಯಾರ ಕೈಗೂ ನಗದು ಕೊಡಬೇಡಿ. ಕಟ್ಟಿದ ಚಲನ್‌ನ ಪ್ರತಿ ತಾಲ್ಲೂಕು ಕಚೇರಿಗೊಂದು, ನಿಮ್ಮ ಬಳಿ ಒಂದು. ಮನೆಯ ಬಿಪಿಎಲ್ ಕಾರ್ಡಿನಲ್ಲಿ ನಿಮ್ಮ ಹೆಸರಿದ್ದರೆ ಅದನ್ನೂ ಇದೇ ವಾರ ಆಹಾರ ಇಲಾಖೆಗೆ ತಿಳಿಸಿ. ಸರ್ಕಾರಿ ನೌಕರರ ಕುಟುಂಬ ಬಿಪಿಎಲ್ ಕಾರ್ಡ್ ಇಟ್ಟುಕೊಳ್ಳುವಂತಿಲ್ಲ.

ನೌಕರಿ ಸಿಕ್ಕಿದ್ದಕ್ಕೆ ನನಗೆ ಬಹಳ ಸಂತೋಷವಾಯಿತು. ಕಚೇರಿಯಲ್ಲಿ ಬಾಯಿಮಾತಿನ ಆದೇಶಗಳನ್ನು ನಿಮಗೆ ಬರೆದುಕೊಡಬೇಕು ಎಂದು ಕೇಳುವ ಹಕ್ಕು ಕಾನೂನಿನಿಂದ ಬಂದದ್ದು, ಸಂಕೋಚ ಬೇಡ.

ಪ್ರಶ್ನೆ: ಮಸ್ಕಿ ಹತ್ತಿರದವನು, ಒಂದು ಕಾಲಿಗೆ ಪೋಲಿಯೊ, ಮಾಸಾಶನ 800 ರೂಪಾಯಿ. ಹತ್ತಿ ಸುಗ್ಗಿಯಲ್ಲಿ ಜಿನ್ನಿಂಗ್ ಮಿಲ್ಲಿನಲ್ಲಿ ತೂಕ ಬರೆಯುವ ಕೆಲಸ ಸಿಗುತ್ತದೆ, ತಿಂಗಳಿಗೆ 7,000 ರೂಪಾಯಿಯಂತೆ ನಾಲ್ಕು ತಿಂಗಳು. ಉಳಿದ ತಿಂಗಳು ಖಾಲಿ. ಮನೆಯಲ್ಲಿ ನಾನು ಒಬ್ಬನೇ, ಬೇರೆ ಆದಾಯವಿಲ್ಲ. ಪ್ರತಿ ವರ್ಷ ಮಾಸಾಶನ ನಿಲ್ಲಿಸಿ ಮತ್ತೆ ಅರ್ಜಿ ಹಾಕಬೇಕೇ?

ಉತ್ತರ: ಬೇಡ. ಮಿತಿ ಇರುವುದು ವರ್ಷದ ಆದಾಯಕ್ಕೆ, ತಿಂಗಳಿನದಕ್ಕಲ್ಲ. ನಾಲ್ಕು ತಿಂಗಳಿಗೆ ನಿಮ್ಮ ಗಳಿಕೆ 28,000. ಅದು 32,000ದ ಒಳಗಿದೆ. ಮಿಲ್ಲಿನವರಿಂದ ಎಷ್ಟು ತಿಂಗಳು ಕೆಲಸ, ಎಷ್ಟು ಪಗಾರ ಎಂದು ಒಂದು ಚೀಟಿ ಬರೆಸಿಟ್ಟುಕೊಳ್ಳಿ, ಪರಿಶೀಲನೆಗೆ ಬಂದವರಿಗೆ ತೋರಿಸಿ. ಸುಗ್ಗಿ ಐದು ತಿಂಗಳಿಗೆ ಬೆಳೆದರೆ 35,000 ಆಗುತ್ತದೆ, ಆ ವರ್ಷ ಮಾತ್ರ ಮೊದಲ ಉತ್ತರದಲ್ಲಿ ಹೇಳಿದಂತೆ ಬರಹದಲ್ಲಿ ತಿಳಿಸಬೇಕು.

ನಿಲ್ಲಿಸಿದವರು ಮತ್ತೆ ಅರ್ಜಿ ಹಾಕುವಾಗ ನಾಡಕಚೇರಿಗೆ ಒಯ್ಯಬೇಕಾದದ್ದು: ಹೊಸ ಆದಾಯ ಪ್ರಮಾಣಪತ್ರ, ಯುಡಿಐಡಿ ಕಾರ್ಡ್, ಆಧಾರ್ ಜೋಡಿಸಿದ ಬ್ಯಾಂಕ್ ಖಾತೆಯ ವಿವರ, ಹಳೆಯ ರದ್ದತಿ ಆದೇಶದ ಪ್ರತಿ ಮತ್ತು ಕೆಲಸ ಬಿಟ್ಟದ್ದಕ್ಕೆ ಮಾಲೀಕರ ಪತ್ರ ಸಿಕ್ಕರೆ ಅದು. ಖಾತೆ ಬಹಳ ದಿನ ವ್ಯವಹಾರವಿಲ್ಲದೆ ನಿಷ್ಕ್ರಿಯವಾಗಿದ್ದರೆ ಮೊದಲು ಬ್ಯಾಂಕಿಗೆ ಹೋಗಿ ಚಾಲನೆ ಮಾಡಿಸಿ. ಮಂಜೂರಾದರೂ ಹಣ ಬಾರದೆ ಜನ ಅಲೆಯುವುದಕ್ಕೆ ನಾನು ಕಂಡಂತೆ ಹೆಚ್ಚಿನ ಸಲ ಅದೇ ಕಾರಣ. ತಾತ್ಕಾಲಿಕ ಅಂಗವೈಕಲ್ಯ ಪ್ರಮಾಣಪತ್ರ ಇದ್ದವರು ಅದರ ಅವಧಿ ಮುಗಿದಿದೆಯೇ ಎಂದು ನೋಡಿಕೊಂಡು, ಮುಗಿದಿದ್ದರೆ ಅರ್ಜಿಗೆ ಮೊದಲು ಜಿಲ್ಲಾ ಆಸ್ಪತ್ರೆಯಲ್ಲಿ ನವೀಕರಿಸಿಕೊಳ್ಳಬೇಕು.